ಬದುವಿನ ಎಣ್ಣೆ, ಕೊಟ್ಟಿಗೆಯ ಅನಿಲ

ಕೃಷಿಭೂಮಿಯಲ್ಲಿಯೇ ಇಂಧನವನ್ನು ಉತ್ಪಾದಿಸಬೇಕೆಂದು ನಡೆದ ಪ್ರಯತ್ನಗಳಲ್ಲಿ ಉಳಿದು ಬಂದವುಗಳನ್ನೂ ನೆಲಕಚ್ಚಿದವುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಇಂಧನಕ್ಕೆಂದೇ ಬೆಳೆದ ಬೆಳೆಗಿಂತ, ರೈತನಿಗೆ ಮೊದಲೇ ಬೇಕಾಗಿದ್ದ ಗೊಬ್ಬರ, ಸೊಪ್ಪು, ನೆರಳುಗಳ ಜೊತೆಯಲ್ಲಿ ದೊರೆತ ಇಂಧನವೇ ಹೆಚ್ಚು ಬಾಳಿಕೆ ಬಂದಿರುವುದು ಕಾಣುತ್ತದೆ.

ಜಟ್ರೋಫಾ ಎಂಬ ಕಾಡುಹರಳಿನ ಕಥೆ ಇದಕ್ಕೆ ತಿರುಗುಮುರುಗಾದ ಸಾಕ್ಷಿ. ದನಕರು ಬಾಯಿ ಹಾಕುವುದಿಲ್ಲವೆಂದು ಬೇಲಿಗೆ ನೆಡುತ್ತಿದ್ದ ಈ ಗಿಡವನ್ನು, 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಬಂಜರು ನೆಲದ ಡೀಸೆಲ್ ಬೆಳೆಯೆಂದು ಶಿಫಾರಸು ಮಾಡಿತು. 2009ರ ರಾಷ್ಟ್ರೀಯ ನೀತಿಯು 2017ರ ಹೊತ್ತಿಗೆ ಶೇ. 20ರಷ್ಟು ಜೈವಿಕ ಇಂಧನ ಬೆರೆಸುವ ಗುರಿಯನ್ನು ಮುಂದಿಟ್ಟಿತು. ನೀರು ಗೊಬ್ಬರವಿಲ್ಲದ ನೆಲದಲ್ಲಿ ಗಿಡ ಬದುಕಿತೇ ಹೊರತು ಲೆಕ್ಕ ಹಾಕಿದಷ್ಟು ಕಾಯಿ ಬಿಡಲಿಲ್ಲ. ಎಣ್ಣೆಯನ್ನು ಬಿಟ್ಟರೆ ರೈತನ ಕೈಗೆ ಹತ್ತುವ ಬೇರೆ ಲಾಭವೂ ಅದರಲ್ಲಿ ಹೆಚ್ಚಿರಲಿಲ್ಲ.

ಹೊಂಗೆಯ ಸ್ಥಿತಿ ಬೇರೆ. ವಾತಾವರಣದ ಸಾರಜನಕವನ್ನು ಬೇರುಗಂಟುಗಳಲ್ಲಿ ಹಿಡಿದಿಡುವ ದ್ವಿದಳ ಜಾತಿಯ ಈ ಮರ ಬಯಲುಸೀಮೆಯ ಬದುಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ಅದರ ಸೊಪ್ಪನ್ನು ಗದ್ದೆಗೆ ತುಳಿಸುವುದೂ, ಎಣ್ಣೆಯನ್ನು ದೀಪಕ್ಕೆ ಉರಿಸುವುದೂ ಹಳೆಯ ರೂಢಿ. ಗಾಣದಲ್ಲಿ ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ ಇಳಿಯುತ್ತದೆ, ಮಿಕ್ಕದ್ದು ಹಿಂಡಿ. ಈ ಹಿಂಡಿಯನ್ನು ದನ ತಿನ್ನದಿದ್ದರೂ ಸಾರಜನಕ ತುಂಬಿದ ಗೊಬ್ಬರವಾಗಿ ಅದು ತೋಟಕ್ಕೆ ಸಲ್ಲುವುದರಿಂದ, ಎಣ್ಣೆಯ ಬೆಲೆ ಕುಸಿದ ವರ್ಷವೂ ಮರಕ್ಕೆ ಕೊಡಲಿ ಬೀಳುವುದಿಲ್ಲ. ಹಸಿ ಎಣ್ಣೆ ಮಂದವಾಗಿದ್ದು ಎಂಜಿನ್ನಿನ ನಳಿಕೆಯಲ್ಲಿ ಕಟ್ಟಿಕೊಳ್ಳುವುದರಿಂದ ಅದಕ್ಕೆ ಮೆಥನಾಲ್ ಮತ್ತು ಕ್ಷಾರವನ್ನು ಬೆರೆಸಿ ಗ್ಲಿಸರಿನ್ ಬೇರ್ಪಡಿಸುತ್ತಾರೆ. ಹೀಗೆ ತೆಳುವಾದ ಎಣ್ಣೆಯೇ ಜೈವಿಕ ಡೀಸೆಲ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹಾಸನ ಜಿಲ್ಲೆಯ ಮಡೇನೂರಿನಲ್ಲಿ ನಡೆಸಿದ ಜೈವಿಕ ಇಂಧನ ಉದ್ಯಾನ, ಒಂದೇ ಜಾತಿಯ ತೋಪಿನ ಬದಲು ಹೊಂಗೆ, ಬೇವು, ಹಿಪ್ಪೆ ಮುಂತಾದವನ್ನು ಬದುವಿಗೆ ಸೂಚಿಸಿದ್ದು ವಿವೇಕದ ನಡೆ. ಆದರೆ ಮೆಥನಾಲನ್ನು ಪೇಟೆಯಿಂದಲೇ ತರಬೇಕಾದ್ದರಿಂದ, ರೈತ ಪೂರ್ಣ ಸ್ವಾವಲಂಬಿಯಾಗುತ್ತಾನೆಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿದೆ.

ಗೋಬರ್ ಅನಿಲಕ್ಕೆ ಇಂತಹ ಹಂಗಿಲ್ಲ. ಗಾಳಿಯಾಡದ ಗುಂಡಿಯಲ್ಲಿ ಸಗಣಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಉರಿಯುವ ಅನಿಲವನ್ನು ಬಿಡುತ್ತವೆ. ದಿನಕ್ಕೆ ಸುಮಾರು 25 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕದಡಿ ಬಿಟ್ಟರೆ ಒಂದು ಘನ ಮೀಟರ್ ಅನಿಲ ಸಿಗುತ್ತದೆ. 1980ರ ದಶಕದಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಅನಿಲ ಹಿಡಿಯುವ ಕಬ್ಬಿಣದ ತೇಲುಡ್ರಮ್ ಇಲ್ಲ. ಇಟ್ಟಿಗೆಯ ಗುಮ್ಮಟದೊಳಗೆ ಅನಿಲ ಒತ್ತರಿಸಿದಂತೆ ಬಗ್ಗಡ ಪಕ್ಕದ ತೊಟ್ಟಿಗೆ ಏರುತ್ತದೆ, ಒಲೆ ಹಚ್ಚಿದಾಗ ಅದು ಹಿಂದಕ್ಕಿಳಿದು ಅನಿಲವನ್ನು ಕೊಳವೆಗೆ ನೂಕುತ್ತದೆ. ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ಇಂತಹ ಸ್ಥಾವರಗಳು ಮನೆಮನೆಗೆ ಹಬ್ಬಲು ಕೊಟ್ಟಿಗೆಯ ದನಗಳಷ್ಟೇ ಅಡಿಕೆ ತೋಟಗಳೂ ಕಾರಣ: ಸೊಪ್ಪಿನ ಬೆಟ್ಟದ ಎಲೆಯೊಂದಿಗೆ ಬಗ್ಗಡ ಸೇರಿದರೆ ತೋಟಕ್ಕೆ ಬೇಕಾದ ಗೊಬ್ಬರವೇ ಆಗುತ್ತದೆ.

ಸಾಮುದಾಯಿಕ ಸ್ಥಾವರದ ಪಾಠ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಅಲ್ಲಿ ಮೊದಲು ಅಡುಗೆಗೆ ಅನಿಲ ಕೊಡಹೊರಟಾಗ, ಊರಿನ ಸಗಣಿ ಎಲ್ಲ ಒಲೆಗಳಿಗೆ ಸಾಲಲಿಲ್ಲ. 1987ರಲ್ಲಿ ಅದೇ ಅನಿಲಕ್ಕೆ ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೂ ವಿದ್ಯುತ್ತನ್ನು ಮನೆದೀಪಕ್ಕೂ ಕೊಟ್ಟಾಗ ವ್ಯವಸ್ಥೆ ಹಿಡಿತಕ್ಕೆ ಬಂತು. ಸಗಣಿ ತಂದವರಿಗೆ ತಂದ ಕೂಲಿಯೂ ಬಗ್ಗಡದ ಗೊಬ್ಬರವೂ ಹಿಂದಿರುಗುತ್ತಿದ್ದವು. ಸಗಣಿ ಬರುವುದು ತಪ್ಪಿದರೆ ಎಂಜಿನ್ ನಿಂತು ತಮ್ಮದೇ ನಲ್ಲಿಯೂ ಒಣಗುತ್ತಿದ್ದುದರಿಂದ, ಸಗಣಿ ತಪ್ಪಿಸುವುದರಲ್ಲಿ ಯಾರಿಗೂ ಲಾಭವಿರಲಿಲ್ಲ.