ಹೊಲದ ಜೊತೆಗೆ ಸಾಲವನ್ನೂ ಬರೆದಿಡಿರಿ
(ಬನಶಂಕರಿಯಲ್ಲಿ ಮಾಡಿದ ಭಾಷಣ)



ಈ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಕೊಂಡು ಮನೆ ಕಟ್ಟಿಸುತ್ತೀರಿ. ಆ ಮನೆ ನಾಳೆ ಯಾರಿಗೆ ಅಂತ ಬರೆದಿಟ್ಟೀರೇನು? ಮೃತ್ಯುಪತ್ರ ಅಂದರೆ ಸಾವನ್ನು ಕರೆದಂತೆ ಅಂತ ಅಂಜಬ್ಯಾಡ್ರಿ. ಬಿಳಿ ಹಾಳೆ ಸಾಕು, ಸ್ಟಾಂಪು ಬೇಕಿಲ್ಲ.

ಮೊದಲು ಉತಾರ ತೆಗೆಸಿ ಸರ್ವೆ ನಂಬರು, ಎಕರೆ-ಗುಂಟೆ ಬರೀರಿ. ಪಕ್ಕದಲ್ಲೇ ಸೊಸೈಟಿ, ಬ್ಯಾಂಕಿನ ಸಾಲ ಬರೀರಿ. ಅಡವಿಟ್ಟ ಹೊಲ ಯಾರಿಗೆ ಹೋದರೂ ಸಾಲ ಅದರ ಬೆನ್ನು ಬಿಡೋದಿಲ್ಲ. ಹಿರಿಯ ಮಗನಿಗೆ ಹೊಲ, ಕಿರಿಯನಿಗೆ ಸಾಲ ಅಂತ ಬರೆದರೆ ಬ್ಯಾಂಕು ಕೇಳುತ್ತದೇನ್ರಿ?

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. 2005ರ ತಿದ್ದುಪಡಿಯಂತೆ ಅಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಇಬ್ಬರು ಸಾಕ್ಷಿಗಳ ಎದುರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿ, ಅವರ ಸಹಿ ನಿಮ್ಮೆದುರೇ ಮಾಡಿಸಿರಿ. ಪಾಲು ಪಡೆಯುವವರು ಸಾಕ್ಷಿ ಬ್ಯಾಡ. ನೋಂದಣಿ ಕಡ್ಡಾಯವಲ್ಲ, ನಾನಂತೂ ಮಾಡಿಸ್ರಿ ಅಂತೀನಿ. ಮನಸ್ಸು ಬದಲಾದರೆ ಮತ್ತೆ ಬರೆಯಬಹುದು, ಕಡೆಯದೇ ಊರ್ಜಿತ.