ಒಂದು ಕುರಿಗೆ ಮೂರು ಹೆಸರು

ದೆಹಲಿಗೆ ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ ಮಟನ್ ಕೇಳಿ ತಂದೆ. ಬೇಯಿಸಿ ತಿಂದ ಮೇಲೆ ಗೊತ್ತಾಯ್ತು, ಅದು ಮೇಕೆ. ಇಲ್ಲಿ ಸಾಮಾನ್ಯವಾಗಿ ಮಟನ್ ಅಂದ್ರೆ ಬಕ್ರಾ. ನಮ್ಮ ಮೈಸೂರು-ಮಂಡ್ಯ ಕಡೆ ಮಟನ್ ಅಂದ್ರೆ ಕುರಿ, ಅದರಲ್ಲೂ ಬನ್ನೂರು ಕುರಿ. ಆ ಕುರಿ ಬಗ್ಗೆ ದೆಹಲಿಯಲ್ಲಿ ಕೂತು ಯಾಕೆ ಮಾತಾಡ್ತೀಯ ಅಂತ ಕೇಳಬಹುದು. ಕಾರಣ ಇದೆ.

ಇಲ್ಲಿಂದ ಚಂಡೀಗಢದ ರಸ್ತೆ ಹಿಡಿದರೆ ಮೊದಲು ಪಾಣಿಪತ್, ಆಮೇಲೆ ಕರ್ನಾಲ್. 2015ರಿಂದ ಕರ್ನಾಲ್ ಕೂಡ ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿದೆ. ದೇಶದ ದನ, ಎಮ್ಮೆ, ಕುರಿ, ಕೋಳಿಗಳ ತಳಿಗಳನ್ನು ನೋಂದಾಯಿಸುವ ಕೇಂದ್ರ ಸಂಸ್ಥೆ ಇರೋದು ಅಲ್ಲಿ. ಅದು 1984ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲಿ. ಮರುವರ್ಷವೇ ಕರ್ನಾಲ್‌ಗೆ ಹೋಯ್ತು.

ಅವರ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರುಗಳು ಸಿಗ್ತವೆ: ಬಳ್ಳಾರಿ, ಹಾಸನ, ಕೆಂಗುರಿ, ಡೆಕ್ಕನಿ, ಮಂಡ್ಯ. ಬನ್ನೂರು ಎಲ್ಲಿ? 'ಮಂಡ್ಯ' ಅಂತ ಇರೋದೇ ಅದು. ಮಳವಳ್ಳಿ ತಾಲ್ಲೂಕಿನವರನ್ನು ಕೇಳಿದರೆ ಎರಡನ್ನೂ ಒಪ್ಪಲ್ಲ, "ನಮ್ಮೂರ ಬಂಡೂರು ಕುರಿ ಅದು" ಅಂತಾರೆ. ಬಂಡೂರು ಒಂದು ಹಳ್ಳಿ. ಬನ್ನೂರು ತಿ. ನರಸೀಪುರ ತಾಲ್ಲೂಕಿನ ಪೇಟೆ. ಹಳ್ಳಿಯ ಕುರಿಗೆ ಪೇಟೆಯ ಹೆಸರು ಅಂಟಿಕೊಂಡಿತು, ಸರ್ಕಾರ ಜಿಲ್ಲೆಯ ಹೆಸರು ಕೊಟ್ಟಿತು!

ಹೆಸರು ಮುಖ್ಯ, ಯಾಕೆಂದರೆ ಇದು ಸಣ್ಣ ಕುರಿ. ಬೆಳೆದ ಟಗರು ಸುಮಾರು 35 ಕೆ.ಜಿ., ಹೆಣ್ಣು ಇನ್ನೂ ಕಡಿಮೆ. ಬೆಳೆಯೋದೂ ನಿಧಾನ. ಬರೀ ತೂಕಕ್ಕೆ ಮಾರಿದರೆ ಸಾಕಿದವನಿಗೆ ನಷ್ಟ. ರುಚಿಗೆ ಜನ ಹೆಚ್ಚು ಕೊಡ್ತಾರೆ ಅನ್ನೋ ಒಂದೇ ಕಾರಣಕ್ಕೆ ಈ ತಳಿ ಉಳಿದಿದೆ.

ದೆಹಲಿಯ ಗಾಜೀಪುರಕ್ಕೆ ಹೋಗಿ ನೋಡಿ. ಹಳೇ ಊರಿನ ಈದ್ಗಾ ಕಸಾಯಿಖಾನೆ 2009ರಲ್ಲಿ ಅಲ್ಲಿಗೆ ಸ್ಥಳಾಂತರವಾಯ್ತು. ರಾಜಸ್ಥಾನದ ಕಡೆಯಿಂದ ಲಾರಿಗಟ್ಟಲೆ ಕುರಿ-ಮೇಕೆ ಬಂದಿಳಿಯುತ್ತವೆ. ನಾನು ಹೋದಾಗ ಒಬ್ಬರೂ ತಳಿಯ ಹೆಸರು ಎತ್ತಲಿಲ್ಲ. ಬೆನ್ನು ಅದುಮಿ ನೋಡ್ತಾರೆ, ಎಷ್ಟು ಮಾಂಸ ಬೀಳುತ್ತೆ ಅಂತ ಲೆಕ್ಕ ಹಾಕ್ತಾರೆ, ಮುಗೀತು. ಅವರದು ತಪ್ಪಲ್ಲ, ಅಷ್ಟು ದೊಡ್ಡ ಊರಿಗೆ ಒದಗಿಸಬೇಕಲ್ಲ. ಆದರೆ ಇಂಥ ಮಾರುಕಟ್ಟೆಯಲ್ಲಿ ಬಂಡೂರು ಕುರಿಗೆ ಜಾಗ ಇಲ್ಲ.

ಮಾರುಕಟ್ಟೆ ಕೈಬಿಟ್ಟರೆ ಏನಾಗುತ್ತೆ ಅಂತ ಡೆಕ್ಕನಿ ತೋರಿಸಿದೆ. ಉತ್ತರ ಕರ್ನಾಟಕದ ಕುರುಬರ ಕರಿಯುಣ್ಣೆ ಕುರಿ. ಉಣ್ಣೆ ಒರಟು, ಆದರೆ ಮಳೆ-ಚಳಿಗೆ ಅದರ ಕಂಬಳಿಗೆ ಸಾಟಿಯಿಲ್ಲ. ಅಧಿಕಾರಿಗಳಿಗೆ ಮಾತ್ರ ನಯವಾದ ಬಿಳಿ ಉಣ್ಣೆ ಬೇಕಿತ್ತು. ಮೆರಿನೋ, ರಾಂಬುಲೇ ಟಗರುಗಳನ್ನು ತಂದು ಮಿಶ್ರತಳಿ ಮಾಡಲು ಹೊರಟರು. ಅಷ್ಟರಲ್ಲಿ ಹಳೇ ಬಟ್ಟೆಯ ನೂಲಿನಿಂದ ಮಾಡಿದ ಅಗ್ಗದ ಬ್ಲಾಂಕೆಟ್ಟು ಎಲ್ಲಾ ಕಡೆ ತುಂಬಿಕೊಂಡಿತು. ಅದರ ದೊಡ್ಡ ಕೇಂದ್ರ ಯಾವುದು ಗೊತ್ತಾ? ಆಗಲೇ ಹೇಳಿದೆನಲ್ಲ, ಕರ್ನಾಲ್ ದಾರಿಯಲ್ಲಿ ಸಿಗುವ ಪಾಣಿಪತ್ತೇ. ಉಣ್ಣೆಗೆ ಬೆಲೆ ಹೋದ ಮೇಲೆ ಕುರಿಗಾಹಿ ಏನು ಮಾಡ್ತಾನೆ? ಉಣ್ಣೆಯಿಲ್ಲದ, ಮೈ ತುಂಬಿಕೊಳ್ಳುವ ನೆಲ್ಲೂರು ಜಾತಿಯ ಟಗರನ್ನು ತಂದು ಹಿಂಡಿಗೆ ಬಿಡ್ತಾನೆ. ಡೆಕ್ಕನಿಯ ಹೆಸರು ಕರ್ನಾಲ್‌ನಲ್ಲಿ ಭದ್ರವಾಗಿದೆ. ಹಿಂಡಿನಲ್ಲಿ ಕರಿಯುಣ್ಣೆ ಕಮ್ಮಿಯಾಗ್ತಾ ಬಂತು.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ 1.11 ಕೋಟಿ ಕುರಿ ಇವೆ. ಕುರಿಗೇನೂ ಬರ ಇಲ್ಲ. ಆದರೆ ಪೇಟೆಯಲ್ಲಿ 'ಬನ್ನೂರು' ಅಂತ ಮಾರುವುದೆಲ್ಲ ಬನ್ನೂರಲ್ಲ. ಹೆಸರಿನ ಲಾಭ ಯಾವುದೋ ಕುರಿಗೆ ಹೋದರೆ, ನಿಜವಾದ ತಳಿ ಸಾಕುವವನು ಎಷ್ಟು ದಿನ ಕಾಯ್ತಾನೆ?

ಜೀವಂತ ಕುರಿ ಕೊಳ್ಳುವವರು ಗಮನಿಸಿ: ಗಿಡ್ಡ ಕಾಲು, ಬಿಳಿ ಮೈ, ಕೆಲವಕ್ಕೆ ಮುಖ ತಿಳಿ ಕಂದು, ಜೋಲುವ ಕಿವಿ, ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳು ಲಾಳದ ಆಕಾರದಲ್ಲಿ ಕಾಣ್ತವೆ. ಚರ್ಮ ಸುಲಿದು ಕೊಕ್ಕೆಗೆ ನೇತು ಹಾಕಿದ ಮೇಲಾದರೆ ಅಂಗಡಿಯವನು ಹೇಳಿದ್ದೇ ತಳಿ.