ಕೊಲ್ಲುವುದು ನೆಲವಲ್ಲ, ಗೋಡೆ



ಭೂಕಂಪದ ತೀವ್ರತೆ ಹೆಚ್ಚಿದಷ್ಟೂ ಸಾವು ಹೆಚ್ಚು ಎಂದೇ ನಾವು ವರ್ಷಗಟ್ಟಲೆ ಪಾಠ ಮಾಡಿದೆವು. ಅದು ಅರ್ಧ ಮಾತ್ರ ಸರಿ.

ಚರಿತ್ರೆಯಲ್ಲೇ ಅತಿ ಹೆಚ್ಚು ಜನ ಸತ್ತದ್ದು 1556ರಲ್ಲಿ, ಚೀನಾದ ಶಾಂಕ್ಸಿ ಭೂಕಂಪದಲ್ಲಿ. ದಾಖಲೆಗಳ ಪ್ರಕಾರ ಸುಮಾರು 8,30,000 ಮಂದಿ. ಅದಕ್ಕಿಂತ ಬಲವಾದ ಕಂಪನಗಳು ಎಷ್ಟೋ ಆಗಿವೆ. ಆದರೆ ಅಲ್ಲಿ ಬಹಳ ಜನ ಮೆದುಮಣ್ಣಿನ ದಿಬ್ಬ ಕೊರೆದ ಗುಹೆಮನೆಗಳಲ್ಲಿದ್ದರು. ಆ ಮನೆಗಳೇ ಕುಸಿದು ಅವರನ್ನು ಮುಚ್ಚಿದವು.

2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆ, ಲಕ್ಷಕ್ಕೂ ಹೆಚ್ಚು ಸಾವು. ಮರುತಿಂಗಳೇ ಚಿಲಿಯಲ್ಲಿ 8.8, ಅಂದರೆ ಸುಮಾರು 500 ಪಟ್ಟು ಶಕ್ತಿ. ಅಲ್ಲಿ ಸತ್ತವರು 500ರ ಆಸುಪಾಸು, ಅವರಲ್ಲೂ ಹಲವರು ಸುನಾಮಿಯಿಂದ. 1960ರ ಮಹಾಕಂಪದಿಂದ ಪಾಠ ಕಲಿತ ಚಿಲಿ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತ್ತು. ಹೈಟಿಯಲ್ಲಿ ಕಳಪೆ ಕಾಂಕ್ರೀಟಿನ ಮನೆ, ಶಾಲೆಗಳು ತಲೆಯ ಮೇಲೇ ಬಿದ್ದವು.

ಸಿವಿಲ್ ಓದಲು ಅರ್ಜಿ ಹಾಕಿರುವ ಮಕ್ಕಳೇ, ನಾಳೆ ಯಾರಾದರೂ ಕಂಬಿ ಕಡಿಮೆ ಹಾಕಿ ಎಂದರೆ ಒಪ್ಪಬೇಡಿ. ದಾನಿಗಳೇ, ನೀವು ಕಟ್ಟುವ ಫೀಸು ಒಬ್ಬ ವಿದ್ಯಾರ್ಥಿಗಷ್ಟೇ ಅಲ್ಲ. ಅವನೋ ಅವಳೋ ಕಟ್ಟುವ ಸೂರಿನಡಿ ಮಲಗುವ ಎಲ್ಲರಿಗೂ ಸಲ್ಲುತ್ತದೆ.